ಹೋಟೆಲ್ ಮ್ಯಾನೇಜರ್ ಗಂಡೋ ಹೆಣ್ಣೋ: ಸ್ಟೈಲ್ ಫರಕ್ ಎಲ್ಲಿಂದ ಬರತೈತಿ ಅಂತ ನಾ ಕಂಡಿದ್ದು (ನನ್ನ ಅನುಭವ)

ನಮ್ಮ ಹೋಟೆಲ್ ಲೈನ್‌ನ್ಯಾಗ ಒಂದು ಮಾತು ಎಲ್ಲಾರ ಬಾಯಾಗೂ ಐತಿ. ಲೇಡೀಸ್ ಮ್ಯಾನೇಜರ್ ಇದ್ರ ಸ್ಟಾಫ್ ಖುಷಿಯಾಗಿ ಇರ್ತಾರ ಆದ್ರ ಕೆಲಸ ಸಡ್ಲ ಆಗ್ತೈತಿ, ಜೆಂಟ್ಸ್ ಮ್ಯಾನೇಜರ್ ಇದ್ರ ಕೆಲಸ ಆಗ್ತೈತಿ ಆದ್ರ ಹುಡುಗ್ರು ಬಿಟ್ಟು ಹೋಗ್ತಾರ. ಮಾಲಕ್ರೂ ಇದನ್ನ ಹೇಳ್ತಾರ, ಕಿಚನ್‌ನ್ಯಾಗಿನ ಹುಡುಗ್ರೂ ಹೇಳ್ತಾರ, ಖರೆ ಅಂದ್ರ ನಮ್ಮ ಹೆಣ್ಮಕ್ಳೂ ಇದನ್ನ ನಂಬ್ಯಾರ. ನಾನು ಹುಬ್ಬಳ್ಳ್ಯಾಗ ಗೋಕುಲ ರೋಡ್ ಕಡೆ ಒಂದು ಮಧ್ಯಮ ಹೋಟೆಲ್‌ನ ಜನರಲ್ ಮ್ಯಾನೇಜರ್, ರೂಮ್, ರೆಸ್ಟೋರಂಟ್, ಒಂದು ದೊಡ್ಡ ಬ್ಯಾಂಕ್ವೆಟ್ ಹಾಲ್ ಎಲ್ಲಾ ಐತಿ, ಫ್ರಂಟ್ ಆಫೀಸ್ ಟ್ರೇನಿ ಅಂತ ಈ ಕೆಲಸಕ್ಕ ಸೇರಿದಾಕಿ, ನನ್ನ ಕೈಕೆಳಗ ಈಗ ನಾಲ್ಕು ಮಂದಿ ಡ್ಯೂಟಿ ಮ್ಯಾನೇಜರ್ (ಒಂದೊಂದು ಪಾಳಿಯೊಳಗ ಇಡೀ ಹೋಟೆಲ್ ನೋಡ್ಕೊಳ್ಳವ್ರು) ಅದಾರ, ಇಬ್ರು ಗಂಡಸ್ರು ಇಬ್ರು ಹೆಣ್ಮಕ್ಳು. ಇಷ್ಟು ವರ್ಷ ಇವರನ್ನ ಮತ್ತ ಇವರಂಥವರನ್ನ ಹತ್ತಿರದಿಂದ ನೋಡಿ ನಂಗ ಗಟ್ಟಿ ಅನಿಸಿದ್ದು ಒಂದ, ಸ್ಟೈಲ್ ಫರಕ್ ಇರೋದು ಹೌದು, ಆದ್ರ ಅದರೊಳಗ ಹೆಚ್ಚಿನ ಪಾಲು ಆ ಮನಿಷ್ಯಾಗ ಯಾವ ಡಿಪಾರ್ಟ್‌ಮೆಂಟ್ ಕಲಿಸಿದ್ರು ಮತ್ತ ಯಾವ ಅಧಿಕಾರ ಕೈಯಾಗ ಕೊಟ್ರು ಅನ್ನೋದರಿಂದ ಬರತೈತಿ. ಅಧಿಕಾರ ಸಮ ಮಾಡಿದ್ರ ಸ್ಟೈಲ್‌ನೂ ಬದಲಾಗ್ತೈತಿ, ಇದನ್ನ ನಾ ಕಣ್ಣಾರೆ ನೋಡೀನಿ. ಹೆಂಗ ಮಾಡಿದ್ವಿ ಅಂತ ಬರೀತೀನಿ, ನಮ್ಮ ಕಡೆ ಗದಗ ಹಾವೇರ್‍ಯಾಗ ಸಣ್ಣ ಲಾಡ್ಜ್ ನಡಸವ್ರಿಗೂ ಉಪಯೋಗ ಆಗ್ಬಹುದು.

ಮೊದ್ಲು ಡಿಪಾರ್ಟ್‌ಮೆಂಟ್ ವಿಷಯ. ಹೋಟೆಲ್‌ನ್ಯಾಗ ಮ್ಯಾಲ ಬರಾಕ ಎರಡು ದಾರಿ ಅದಾವು. ಒಂದು ಹೌಸ್‌ಕೀಪಿಂಗ್, ಫ್ರಂಟ್ ಆಫೀಸ್, ಎಚ್‌ಆರ್ ಕಡೆಯಿಂದ. ಇನ್ನೊಂದು ಕಿಚನ್, ಸರ್ವೀಸ್, ಬ್ಯಾಂಕ್ವೆಟ್ ಕಡೆಯಿಂದ. ಹೆಣ್ಮಕ್ಳನ್ನ ಸೇರಿಸ್ಕೊಂಡ ದಿನಾನ ಮೊದಲ್ನೇ ದಾರಿಗೆ ಹಚ್ಚಿಬಿಡ್ತಾರ, ಗಂಡ್‌ಹುಡುಗ್ರನ್ನ ಎರಡನೇದಕ್ಕ. ಯಾರೂ ಕುಂತು ಇದನ್ನ ನಿರ್ಧಾರ ಮಾಡಂಗಿಲ್ಲ, ಹಂಗ ನಡಕೊಂಡು ಬಂದೈತಿ. ಈಗ ನೋಡ್ರಿ, ಹೌಸ್‌ಕೀಪಿಂಗ್ ಏನು ಕಲಿಸ್ತೈತಿ? ಒಬ್ಬ ರೂಮ್ ಅಟೆಂಡಂಟ್ ಒಂದು ಶಿಫ್ಟ್‌ನ್ಯಾಗ ಹದಿನಾಲ್ಕು ಹದಿನೈದು ರೂಮ್ ಮಾಡ್ಬೇಕು, ಬಾಗಲಾ ಹಾಕ್ಕೊಂಡು ಒಬ್ಬಾಕಿನ ಒಳಗ ಇರ್ತಾಳ, ನೀವು ಎಲ್ಲಾ ರೂಮಿಗೆ ಹೋಗಿ ನಿಂತು ಒದರಾಕ ಆಗಂಗಿಲ್ಲ, ಆಕಿ ಮನಸು ಇಟ್ಟು ಮಾಡಿದ್ರ ಮಾತ್ರ ಹಾಸಗಿ ಮೂಲಿ ಸರಿ ಬೀಳ್ತೈತಿ, ಹಂಗಾಗಿ ಸೂಪರ್‌ವೈಸರ್ ಆದಾಕಿ ಆಕಿ ಕೂಡ ಮಾತಾಡೋದು ಕಲೀತಾಳ, ಮನಿಯಾಗ ಯಾರಿಗೆ ಆರಾಮಿಲ್ಲ, ಇವತ್ತು ಯಾಕ ಕೈ ನಿಧಾನ ಆಗೈತಿ ಅಂತ ಗೊತ್ತಿಟ್ಕೊಳ್ಳೋದು ಕಲೀತಾಳ. ಬ್ಯಾಂಕ್ವೆಟ್ ಏನು ಕಲಿಸ್ತೈತಿ? ಎಂಟುವರಿಗೆ ಊಟಾ ಅಂದ್ರ ಎಂಟುವರಿಗೇ, ಮುಂದ ಐನೂರು ಮಂದಿ ಕುಂತಿರ್ತಾರ, ಆಗ ಯಾರನ್ನೂ ಕೇಳ್ಕೋತ ಕೂಡ್ರಾಕ ಟೈಮ್ ಇರಂಗಿಲ್ಲ, ಒಬ್ಬ ಹೇಳ್ತಾನ ಉಳಿದವ್ರು ಓಡ್ತಾರ. ಇವರಿಬ್ರನ್ನೂ ಹತ್ತು ವರ್ಷ ಆದ ಮ್ಯಾಲ ಮ್ಯಾನೇಜರ್ ಖುರ್ಚಿ ಮ್ಯಾಲ ಕೂಡ್ರಿಸಿ, ನೋಡ್ರಿ ಹೆಣ್ಮಗಳು ಕೇಳಿ ಕೇಳಿ ಮಾಡ್ತಾಳ, ಗಂಡಸು ಆರ್ಡರ್ ಕೊಡ್ತಾನ, ಹುಟ್ಟುಗುಣ ಅಂತೀವಿ. ಹುಟ್ಟುಗುಣ ಏನ್ ಬಂತ್ರಿ ಇದ್ರಾಗ, ಹತ್ತು ವರ್ಷದ ಟ್ರೇನಿಂಗ್ ಅದು.

ಇದು ನನ್ನ ಮನಸಿಗೆ ಗಟ್ಟಿಯಾಗಿ ಬಂದಿದ್ದು ಲಾಗ್ ಬುಕ್ ಓದೋ ಮುಂದ. ಪ್ರತಿ ಶಿಫ್ಟ್ ಮುಗಿದ ಮ್ಯಾಲ ಡ್ಯೂಟಿ ಮ್ಯಾನೇಜರ್ ಏನಾತು ಏನ್ ಮಾಡಿದೆ ಅಂತ ಬರೀಬೇಕು, ಅದನ್ನ ನಾ ದಿನಾ ಮುಂಜಾನೆ ಓದ್ತೀನಿ, ಚಾ ಕುಡಕೋತ. ಒಂದು ಚಳಿಗಾಲದಾಗ ನಮ್ಮ ಮೂರನೇ ಮಹಡಿ ಬಿಸಿನೀರಿನ ಲೈನ್ ಪದೇ ಪದೇ ಕೈಕೊಡ್ತಿತ್ತು. ಧಾರವಾಡ ಹೈಕೋರ್ಟ್ ಪೀಠಕ್ಕ ಅಂತ ಬರೋ ವಕೀಲ್ರು ನಮ್ಮಲ್ಲಿ ಭಾಳ ಉಳೀತಾರ, ಅವ್ರಿಗೆ ಮುಂಜಾನೆ ಏಳಕ್ಕ ಸ್ನಾನ ಆಗ್ಲೇಬೇಕು, ನೀರಿಲ್ಲ ಅಂದ್ರ ಗದ್ದಲ. ಒಬ್ಬ ಗಂಡ್ ಡ್ಯೂಟಿ ಮ್ಯಾನೇಜರ್ ಬರದಿದ್ದ: "ರೂಮ್ ನೀರು ಕಂಪ್ಲೇಂಟ್. ಬ್ಯಾರೆ ರೂಮ್ ಕೊಟ್ಟೆ. ಬಿಲ್‌ನ್ಯಾಗ ಅರ್ಧಾ ಬಿಟ್ಟೆ. ಗೆಸ್ಟ್ ಓಕೆ." ಮುಗೀತು. ಅದ ವಾರದಾಗ ಅದ ಮಹಡಿ ಅದ ಕಂಪ್ಲೇಂಟ್, ಹೆಣ್ಮಗಳು ಡ್ಯೂಟಿ ಮ್ಯಾನೇಜರ್ ಒಂದು ಪುಟ ತುಂಬಾ ಬರದಿದ್ಲು, ಗೆಸ್ಟ್ ಎಷ್ಟಕ್ಕ ಫೋನ್ ಮಾಡಿದ್ರು, ಮೇಂಟೆನೆನ್ಸ್‌ನವ ಎಷ್ಟಕ್ಕ ಬಂದ, ತಾನು ಎಷ್ಟು ಸರ್ತಿ ಕ್ಷಮಾ ಕೇಳಿದೆ, ಮಾಲಕ್ರಿಗೆ ಫೋನ್ ಹಚ್ಚಿದ್ರ ಎತ್ತಲಿಲ್ಲ, ಆಮ್ಯಾಲ ಅವ್ರ ಮಗನಿಗೆ ಹಚ್ಚಿ ಕೇಳಿ ನಾಷ್ಟಾ ಬಿಲ್ ಬಿಟ್ಟೆ ಅಂತ. ಗೆಸ್ಟ್ ಅಷ್ಟೊತ್ತಿಗೆ ಸಿಟ್ಟಿಗೆದ್ದು ಹೊರಗ ನಿಂತಿದ್ರು.

ಎರಡೂ ಪುಟ ಬಾಜೂಕ ಬಾಜೂಕ ಇಟ್ಟು ಯಾರಿಗರ ತೋರಿಸಿದ್ರ, ನೋಡ್ರಿ ಹೆಣ್ಮಕ್ಳು ಡಿಸಿಷನ್ ತಗೋಳ್ಳಂಗಿಲ್ಲ ಅಂತಾರ. ನಾ ಆಕಿನ್ನ ಕರದು ಕುಂಡ್ರಿಸಿ ಯಾಕ ಫೋನ್ ಮಾಡಿದಿ ಅಂತ ಕೇಳಿದೆ. ಆಕಿ ಹೇಳಿದ್ಲು, ಮೊದ್ಲು ಕೆಲಸ ಮಾಡ್ತಿದ್ದ ಕಡೆ ಒಮ್ಮೆ ಹಿಂಗ ಡಿಸ್ಕೌಂಟ್ ಕೊಟ್ಟಿದ್ಕ ಎಲ್ಲಾರ ಮುಂದ "ಯಾರನ್ನ ಕೇಳಿ ಕೊಟ್ಟಿ" ಅಂತ ಅನ್ನಿಸ್ಕೊಂಡಿದ್ಲಂತ, ಪಗಾರದಾಗೂ ಹಿಡದಿದ್ರಂತ, ಅದ ಹೋಟೆಲ್‌ನ್ಯಾಗ ಗಂಡ್ ಮ್ಯಾನೇಜರ್ ಅದಕ್ಕಿಂತ ಹೆಚ್ಚು ಬಿಟ್ರ ಯಾರೂ ಕೇಳ್ತಿದ್ದಿಲ್ಲ. ಆಕಿ ಕಲತ ಪಾಠ ಏನಂದ್ರ, ಮೊದ್ಲು ಕೇಳು, ಆಮ್ಯಾಲ ಮಾಡು, ಎಲ್ಲಾ ಬರದಿಡು. ಅವ ಕಲತ ಪಾಠ, ಮೊದ್ಲು ಮಾಡು, ಬೇಕಾದ್ರ ಆಮ್ಯಾಲ ಹೇಳು. ಇಬ್ರೂ ತಮಗ ಬಿದ್ದ ಏಟಿನ ಪ್ರಕಾರ ಸರಿಯಾಗೇ ನಡಕೊಂಡಾರ.

ನಾ ಡಿಸ್ಟನ್ಸ್‌ನ್ಯಾಗ ಎಂಬಿಎ ಮಾಡೋ ಮುಂದ ಈ ವಿಷಯದ ಮ್ಯಾಲ ಪ್ರಾಜೆಕ್ಟ್ ತಗೊಂಡಿದ್ದೆ, ಆಗ ಓದಿದ್ದು ಇಲ್ಲಿ ಹೇಳ್ಬೇಕು, ಯಾಕಂದ್ರ ಮಂದಿ "ರಿಸರ್ಚ್ ಹೇಳ್ತೈತಿ" ಅಂತ ಅರ್ಧಾ ಮಾತು ಹೇಳಿ ಬಿಡ್ತಾರ. 1990ರಾಗ ಅಲಿಸ್ ಈಗ್ಲಿ ಮತ್ತ ಬ್ಲೇರ್ ಜಾನ್ಸನ್ ಅನ್ನೋ ಅಮೆರಿಕಾದ ಸಂಶೋಧಕ್ರು ಅಲ್ಲೀತನ ಆದ ನೂರೈವತ್ತಕ್ಕಿಂತ ಹೆಚ್ಚು ಅಧ್ಯಯನ ಒಟ್ಟು ಹಾಕಿ ನೋಡಿದ್ರು. ಕಾಲೇಜಿನ ಲ್ಯಾಬ್‌ನ್ಯಾಗ ಗುರ್ತಿಲ್ಲದವ್ರನ್ನ ಕೂಡಿಸಿ ಮಾಡಿದ ಪ್ರಯೋಗದೊಳಗ ಹೆಣ್ಮಕ್ಳು ಮಂದೀನ್ನ ನೋಡ್ತಾರ ಗಂಡಸ್ರು ಕೆಲಸ ನೋಡ್ತಾರ ಅನ್ನೋದು ಕಂಡಿತ್ತು, ಆದ್ರ ಖರೇ ಕಂಪ್ನಿಯೊಳಗ ಖರೇ ಮ್ಯಾನೇಜರ್‌ಗಳನ್ನ ನೋಡಿದಾಗ ಆ ಫರಕ್ ಮಾಯ ಆಗಿತ್ತು. ಯಾಕಂದ್ರ ಕೆಲಸಾನ ಅವ್ರನ್ನ ಒಂದ ಥರಾ ಮಾಡಿತ್ತು. ಎಲ್ಲಾ ಕಡೆ ಉಳಕೊಂಡಿದ್ದು ಒಂದ, ಹೆಣ್ಮಕ್ಳು ಹೆಚ್ಚು ಕೇಳಿ ವಿಚಾರಿಸಿ ನಿರ್ಧಾರ ತಗೋತಾರ, ಗಂಡಸ್ರು ಹೆಚ್ಚು ತಾವ ಹೇಳಿ ಮಾಡಸ್ತಾರ. ಮುಂದ 2003ರಾಗ ಅದ ಈಗ್ಲಿ ಬ್ಯಾರೆ ಇಬ್ರ ಕೂಡ 45 ಅಧ್ಯಯನ ಕೂಡಿಸಿ ನೋಡಿದಾಗ, ಸ್ಟಾಫ್‌ಗೆ ಹುರುಪು ತುಂಬಿ ಬೆಳಸೋದ್ರಾಗ, ಚೊಲೊ ಕೆಲಸಕ್ಕ ಶಬಾಶ್ ಅನ್ನೋದ್ರಾಗ ಹೆಣ್ಮಕ್ಳು ಸ್ವಲ್ಪ ಮುಂದ, ತಪ್ಪಾಗೋತನಕ ಸುಮ್ಮನಿದ್ದು ಆಮ್ಯಾಲ ಹಿಡಿಯೋದು, ಕೈಬಿಟ್ಟು ಕೂಡ್ರೋದು, ಇದ್ರಾಗ ಗಂಡಸ್ರು ಸ್ವಲ್ಪ ಮುಂದ ಅಂತ ಬಂತು. ಸ್ವಲ್ಪ ಅನ್ನೋ ಶಬ್ದ ಮರೀಬ್ಯಾಡ್ರಿ, ಫರಕ್ ಸಣ್ಣದು ಅಂತ ಅವ್ರೇ ಒತ್ತಿ ಹೇಳ್ಯಾರ.

ನಂಗ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇವೆರಡರ ನಡುವ 1992ರಾಗ ಬಂದ ಇನ್ನೊಂದು. ಅದ ನಡವಳಿಕೆ, ಒಮ್ಮೆ ಗಂಡಿನ ಹೆಸರು ಹಚ್ಚಿ, ಒಮ್ಮೆ ಹೆಣ್ಣಿನ ಹೆಸರು ಹಚ್ಚಿ, ಮಂದಿಗೆ ಕೊಟ್ಟು ಮಾರ್ಕ್ಸ್ ಹಾಕ್ರಿ ಅಂದಂಥಾ ಅಧ್ಯಯನಗಳನ್ನ ಒಟ್ಟು ಮಾಡಿ ನೋಡಿದ್ದು ಅದು. ಒಟ್ಟಾರೆ ಫರಕ್ ಸಣ್ಣದ ಇತ್ತು. ಆದ್ರ ಹೆಣ್ಮಗಳು ಹುಕುಂ ಮಾಡೋ ಸ್ಟೈಲ್ ಹಿಡದ್ರ ಅಲ್ಲಿ ಮಾರ್ಕ್ಸ್ ದಬ್ ಅಂತ ಕೆಳಗ ಬೀಳ್ತಿತ್ತು, ಗಂಡಸ್ರ ಜಾಗಾ ಅನ್ನೋ ಹುದ್ದೆಯೊಳಗಿದ್ರ ಇನ್ನೂ ಬೀಳ್ತಿತ್ತು, ಮಾರ್ಕ್ಸ್ ಹಾಕವ್ರು ಗಂಡಸ್ರಾಗಿದ್ರ ಮತ್ತೂ ಬೀಳ್ತಿತ್ತು. ಇದನ್ನ ಓದಿದ ದಿನ ನಾ ಭಾಳ ಹೊತ್ತು ಸುಮ್ಮ ಕುಂತಿದ್ದೆ. ನಮ್ಮ ಬ್ಯಾಂಕ್ವೆಟ್ ಕಿಚನ್‌ನ್ಯಾಗ ದಿನಾ ಆಗೋದು ಇದ. ಅವ ಒದರಿದ್ರ "ಸರ್ ಕೆಲಸದ ಮನಿಷ್ಯಾ", ಆಕಿ ಅದ ದನಿಯಾಗ ಒದರಿದ್ರ "ಮೇಡಂಗೆ ಮನಿಯಾಗ ಏನರ ಆಗಿರಬೇಕು". ಅಂದಮ್ಯಾಲ ಬುದ್ಧಿವಂತಿ ಏನ್ ಮಾಡ್ತಾಳ? ಕೇಳಿ ಮಾಡೋ ಸ್ಟೈಲ್ ಹಿಡೀತಾಳ, ಅದ್ರಾಗ ಕೆಲಸಾನೂ ಆಗ್ತೈತಿ ಹೆಸರೂ ಉಳೀತೈತಿ. ಅದನ್ನ ನಾವು ಸ್ವಭಾವ ಅಂತ ಹೇಳಿ ಬ್ಯಾಂಕ್ವೆಟ್ ಮ್ಯಾನೇಜರ್ ಪೋಸ್ಟ್ ಕೊಡಂಗಿಲ್ಲ.

ಸ್ವಭಾವ ಅಲ್ಲ ಅನ್ನಾಕ ಅಮೆರಿಕಾ ತನಕ ಹೋಗೋದೂ ಬ್ಯಾಡ. ನಮ್ಮ ಖಾನಾವಳಿ ನೋಡ್ರಿ. ಹುಬ್ಬಳ್ಳಿ ಧಾರವಾಡ ಗದಗದಾಗ ಎಷ್ಟು ಖಾನಾವಳಿ ಹೆಣ್ಮಕ್ಳ ಕೈಯಾಗ ಅದಾವು, ರೊಟ್ಟಿ ಬಡಿಯೋ ನಾಲ್ಕೈದು ಮಂದಿ, ಬಡಸೋ ಹುಡುಗ್ರು, ಗಲ್ಲಾ, ಉದ್ರಿ, ಕಾಯಿಪಲ್ಯೆ ದಲಾಲ, ಎಲ್ಲಾ ಒಬ್ಬಾಕಿನ ನಡಸ್ತಾಳ. ಅಲ್ಲಿ ಮೀಟಿಂಗ್ ಇಲ್ಲ, ಅಭಿಪ್ರಾಯ ಕೇಳೋದಿಲ್ಲ, "ಏ, ಆ ತಾಟಿಗೆ ಎಣಗಾಯಿ ಹಾಕು, ಇವ್ರಿಗೆ ಮಜ್ಜಿಗಿ ಕೊಡು, ನೀ ಯಾಕ ನಿಂತಿ" ಅಂತ ಒಂದ ಉಸಿರಿನ್ಯಾಗ ಹತ್ತು ಹುಕುಂ ಹೊಂಡ್ತಾವು, ಎಲ್ಲಾರೂ ಕೇಳ್ತಾರ, ಗಿರಾಕಿನೂ ಗಪ್ ಕುಂತು ಉಣ್ಣತಾನ. ಯಾಕ? ಮಾಲಕಿ ಆಕಿ. ಅಂಗಡಿ ಆಕೀದು, ರೊಕ್ಕಾ ಆಕೀದು, ಯಾರನ್ನ ತಗೀಬೇಕು ಯಾರನ್ನ ಇಟ್ಕೋಬೇಕು ಅನ್ನೋದು ಆಕಿ ಕೈಯಾಗ ಐತಿ. ದೊಡ್ಡ ಹೋಟೆಲ್‌ನ್ಯಾಗೂ ಇದ ಕಥಿ ನೋಡ್ರಿ, ನಮ್ಮ ದೇಶದಾಗ ಹೆಣ್ಮಗಳು ಹೋಟೆಲ್ ನಡಸ್ಯಾಳ ಅಂದ ಕೂಡ್ಲೆ ಪಾರ್ಕ್ ಹೋಟೆಲ್ಸ್‌ನ ಪ್ರಿಯಾ ಪಾಲ್, ಲಲಿತ್ ಹೋಟೆಲ್ಸ್‌ನ ಜ್ಯೋತ್ಸ್ನಾ ಸೂರಿ ಹೆಸರು ಹೇಳ್ತಾರ. ಒಬ್ರು 1990ರಾಗ ತಂದಿ ತೀರಿಕೊಂಡ ಮ್ಯಾಲ, ಇನ್ನೊಬ್ರು 2006ರಾಗ ಗಂಡ ತೀರಿಕೊಂಡ ಮ್ಯಾಲ ಜವಾಬ್ದಾರಿ ಹೊತ್ತು ದೊಡ್ಡದಾಗಿ ಬೆಳಸಿದವ್ರು, ಅವ್ರ ಮ್ಯಾಲ ನಂಗ ಭಾಳ ಗೌರವ ಐತಿ. ಆದ್ರ ಅವ್ರು ಮಾಲಕ್ರು. ಪಗಾರ ತಗೊಂಡು ಇನ್ನೊಬ್ರ ಹೋಟೆಲ್ ನಡಸೋ ಹೆಣ್ಮಗಳ ಪ್ರಶ್ನೆ ಬ್ಯಾರೆ, ಆಕಿ ಕೈಯಾಗ ಎಷ್ಟು ಅಧಿಕಾರ ಬರೀ ಮಾತಿನ್ಯಾಗ ಐತಿ ಎಷ್ಟು ಕಾಗದದಾಗ ಐತಿ ಅನ್ನೋದು ಅಲ್ಲಿ ಮುಖ್ಯ.

ಹಂಗಾಗಿ ನಾ ಕಾಗದದಿಂದ ಶುರು ಮಾಡಿದೆ. ಮಾಲಕ್ರ ಕೂಡ ಕುಂತು, ಡ್ಯೂಟಿ ಮ್ಯಾನೇಜರ್ ಯಾರ ಇರ್ಲಿ, ಗೆಸ್ಟ್ ಕಂಪ್ಲೇಂಟ್ ಸರಿ ಮಾಡಾಕ ಒಂದು ರಾತ್ರಿ ರೂಮ್ ಬಾಡಿಗಿ ತನಕ ತಾವ ಬಿಡಬಹುದು, ಯಾರನ್ನೂ ಕೇಳಂಗಿಲ್ಲ, ಆಮ್ಯಾಲ ಲಾಗ್‌ನ್ಯಾಗ ನಾಲ್ಕು ಸಾಲು ಬರದ್ರ ಸಾಕು ಅಂತ ಬರಸಿ ಸಹಿ ಮಾಡಿಸಿದೆ. ಅದಕ್ಕಿಂತ ಹೆಚ್ಚಂದ್ರ ಎಲ್ಲಾರೂ ಫೋನ್ ಮಾಡ್ಬೇಕು, ಗಂಡಸ್ರೂ ಮಾಡ್ಬೇಕು. ಮಾಲಕ್ರು ಮೊದ್ಲು ಹಿಂದ ಮುಂದ ನೋಡಿದ್ರು, ರೊಕ್ಕಾ ಪೋಲಾಗ್ತೈತಿ ಅಂತ. ನಾ ಹೇಳಿದ್ದು ಇಷ್ಟ, ಈಗೂ ರೊಕ್ಕಾ ಬಿಡಾಕತ್ತೀವಿ, ಬರೇ ಇಬ್ರು ಕೇಳದ ಬಿಡ್ತಾರ ಇಬ್ರು ಕೇಳಿ ಬಿಡ್ತಾರ, ಕೇಳೋ ಟೈಮ್‌ನ್ಯಾಗ ಗೆಸ್ಟ್ ಹೊರಗ ಹೋಗಿ ಕೆಟ್ಟ ರಿವ್ಯೂ ಬರೀತಾನ. ಒಪ್ಪಿದ್ರು. ಒಂದು ಸೀಸನ್ ಆಗೋದ್ರೊಳಗ ಲಾಗ್ ಬುಕ್ ಓದಿದ್ರ ಯಾರು ಬರದಿದ್ದು ಅಂತ ಅಕ್ಷರ ನೋಡಿ ಹೇಳ್ಬೇಕಿತ್ತು. ಆ ಒಂದು ಪುಟ ಬರೀತಿದ್ದಾಕಿ ಈಗ ನಾಲ್ಕು ಸಾಲಿಗೆ ಬಂದಾಳ. ಗಂಡ್ ಡ್ಯೂಟಿ ಮ್ಯಾನೇಜರ್ ಇನ್ನೊಂದೆರಡು ಸಾಲು ಹೆಚ್ಚಿಗೆ ಬರೀತಾನ, ಯಾಕ ಬಿಟ್ಟೆ ಅನ್ನೋ ಕಾರಣ ಸಮೇತ, ಅದರಿಂದ ಮೇಂಟೆನೆನ್ಸ್‌ನವ್ರಿಗೆ ಬಿಸಿನೀರಿನ ಲೈನ್‌ನ್ಯಾಗ ಎಲ್ಲಿ ತಾಪತ್ರಯ ಐತಿ ಅನ್ನೋದು ಗೊತ್ತಾತು.

ಎರಡನೇದು ಅದಲಿ ಬದಲಿ. ಡ್ಯೂಟಿ ಮ್ಯಾನೇಜರ್ ಆಗಬೇಕಂದ್ರ ಕಡಿಮಿ ಅಂದ್ರ ಒಂದು ಲಗ್ನದ ಸೀಸನ್ ಬ್ಯಾಂಕ್ವೆಟ್‌ನ್ಯಾಗ, ಅಷ್ಟ ದಿನ ಹೌಸ್‌ಕೀಪಿಂಗ್‌ನ್ಯಾಗ ಕೆಲಸ ಮಾಡಿರಬೇಕು ಅಂತ ಮಾಡಿದ್ವಿ, ಗಂಡಿರ್ಲಿ ಹೆಣ್ಣಿರ್ಲಿ. ಇದಕ್ಕ ಜಗಳ ಆತು. ಹೆಣ್ಮಕ್ಳಕಿಂತ ಹೆಚ್ಚು ಗಂಡಸ್ರ ಕಡೆಯಿಂದ. "ನಾ ಹಾಸಗಿ ಹಾಸ್ಬೇಕೇನ್ರಿ" ಅಂತ ಒಬ್ಬ ಎರಡು ದಿನ ಕೆಲಸಕ್ಕ ಬರ್ಲಿಲ್ಲ. ಬ್ಯಾಂಕ್ವೆಟ್‌ನ್ಯಾಗ ಎಂಟು ವರ್ಷ ಮಾಡಿದ ಹುಡುಗ ಅವ, ದನಿ ಅಂದ್ರ ಹಾಲ್ ಆ ತುದಿಗೆ ಕೇಳ್ತಿತ್ತು. ಬಂದ ಮ್ಯಾಲ ನಾಲ್ಕನೇ ಮಹಡಿ ಕೊಟ್ವಿ. ಅಲ್ಲಿ ಕೆಲಸ ಮಾಡವ್ರು ಹೆಚ್ಚಿನಂಶ ಕುಂದಗೋಳ ಕಲಘಟಗಿ ಕಡೆಯಿಂದ ಬರೋ ಹೆಣ್ಮಕ್ಳು, 2023ರ ಜೂನ್‌ನ್ಯಾಗ ಶಕ್ತಿ ಯೋಜನೆ ಬಂದು ಬಸ್ ಫ್ರೀ ಆದ ಮ್ಯಾಲ ಇಂಥವ್ರು ಇನ್ನೂ ಹೆಚ್ಚಾಗ್ಯಾರ, ಮುಂಜಾನೆ ಐದಕ್ಕ ಎದ್ದು ಮನಿಗೆಲಸ ಮುಗಿಸಿ ಬಂದಿರ್ತಾರ. ಇವ ಮೊದಲ್ನೇ ವಾರ ಒದರಿದ. ಅವ್ರು ತಿರುಗಿ ಮಾತಾಡ್ಲಿಲ್ಲ, ಸುಮ್ಮ ಕೆಲಸ ನಿಧಾನ ಮಾಡಿದ್ರು, ಎರಡು ಗಂಟೆಗೆ ಚೆಕ್ ಇನ್ ಅಂದ್ರ ಮೂರಕ್ಕೂ ರೂಮ್ ರೆಡಿ ಇದ್ದಿಲ್ಲ, ಕೆಳಗ ಫ್ರಂಟ್ ಆಫೀಸ್‌ನ್ಯಾಗ ಮಂದಿ ಬ್ಯಾಗ್ ಹಿಡ್ಕೊಂಡು ನಿಂತಿದ್ರು. ಮೂರನೇ ವಾರದಾಗ ನಾ ಮ್ಯಾಲ ಹೋದಾಗ ಅವ ಲಿನನ್ ರೂಮ್‌ನ್ಯಾಗ (ಬೆಡ್‌ಶೀಟ್, ಟಾವೆಲ್ ಇಡೋ ಕೋಣಿ) ಒಬ್ಬಾಕಿ ಎದುರು ಕುಂತು, ಯಾವ ಬ್ಯಾಚ್ ಬೆಡ್‌ಶೀಟ್ ಲಾಂಡ್ರಿಯಿಂದ ಕಲೆ ಹಂಗ ಬರಾಕತ್ತಾವು ಅಂತ ಆಕಿ ಹೇಳಿದ್ದು ಬರಕೋತಿದ್ದ. ಒಬ್ಬಾಕಿ ಹೇಳಿದ ಮಾತಿನಿಂದ ಲಾಂಡ್ರಿ ಬಿಲ್ ತಕರಾರು ಬಗೆಹರಿತು. ಈಗ ಅವ ಬ್ಯಾಂಕ್ವೆಟ್‌ಗೆ ಹೊಳ್ಳಿ ಹೋದ್ರೂ ಫಂಕ್ಷನ್ ಮೊದ್ಲು ಹುಡುಗ್ರನ್ನ ಕುಂಡ್ರಿಸಿ ಹತ್ತು ನಿಮಿಷ ಕೇಳ್ತಾನ, ಎಲ್ಲಿ ಅಡಚಣಿ ಆಗಬಹುದು ಅಂತ. ಯಾರೂ ಅವಂಗ ಹೆಣ್ಣಿಗತೆ ಮೆತ್ತಗಾಗ್ಯಾನ ಅನ್ನಂಗಿಲ್ಲ.

ಇನ್ನ ಬ್ಯಾಂಕ್ವೆಟ್‌ಗೆ ಹೋದ ಹೆಣ್ಮಗಳ ವಿಷಯ, ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಮೇ ತಿಂಗಳ ಲಗ್ನದ ಸೀಸನ್, ಸಂಜಿ ರಿಸೆಪ್ಷನ್, ಪಾರ್ಟಿಯವ್ರು ಕೊಟ್ಟಿದ್ದ ಗ್ಯಾರಂಟಿ ಪ್ಲೇಟ್, ಅಂದ್ರ ಇಷ್ಟು ಊಟಾ ಬೇಕು ಅಂತ ಮೊದ್ಲ ಹೇಳಿದ ಲೆಕ್ಕ, ಐನೂರು. ಒಂಬತ್ತಕ್ಕ ಹಾಲ್ ತುಂಬಿ ಹೊರಗ ಮಂದಿ ನಿಂತಾರ, ನಮ್ಮ ಕಡೆ ಲಗ್ನ ಅಂದ್ರ ಬೀಗರ ಊರಿಂದ ಇನ್ನೊಂದು ಬಸ್ ಬರೋದು ಇದ್ದದ್ದ. ಗೋಧಿ ಹುಗ್ಗಿ ತಳಾ ಕಂಡೈತಿ, ಪಲಾವ್ ಅರ್ಧಕ್ಕಿಂತ ಕೆಳಗ. ಆವತ್ತು ಡ್ಯೂಟಿಯೊಳಗ ಆಕಿ. ಮೊದ್ಲು ಪಾರ್ಟಿ ಯಜಮಾನ್ರ ಹತ್ರ ಹೋಗಿ, ಹೆಚ್ಚಿನ ಪ್ಲೇಟ್‌ಗೆ ಸಹಿ ತಗೊಂಡ್ಲು, ಇದು ಆಮ್ಯಾಲ ಬಿಲ್ ಟೈಮ್‌ನ್ಯಾಗ ಜಗಳ ಆಗಬಾರ್ದು ಅಂತ. ಆಮ್ಯಾಲ ಕಿಚನ್‌ಗೆ ಬಂದು ಶೆಫ್‌ಗೆ ಹೇಳಿದ್ಲು, ನಾಳೆ ಮುಂಜಾನೆ ಸಲುವಾಗಿ ಇಟ್ಟ ಅಕ್ಕಿ, ಕಾಯಿಪಲ್ಯೆ ತಗೀರಿ, ಇನ್ನೂರು ಪ್ಲೇಟ್‌ಗೆ ಜೀರಾ ರೈಸ್ ದಾಲ್ ಹಚ್ಚರಿ, ರೆಸ್ಟೋರಂಟ್ ಆರ್ಡರ್ ಅರ್ಧ ತಾಸು ಬಂದ್. ಶೆಫ್ ವಯಸ್ಸಿನ್ಯಾಗ ದೊಡ್ಡವ್ರು, ಕೈ ಒರಸ್ಕೋತ "ಸರ್‌ಗೆ ಒಂದು ಫೋನ್ ಮಾಡ್ರಿ ಮೇಡಂ" ಅಂದ್ರು. ನಾ ಪಾಸ್ ಹತ್ರ, ಅಂದ್ರ ಕಿಚನ್‌ನಿಂದ ಊಟಾ ಹೊರಗ ಕೊಡೋ ಕಟ್ಟಿ ಹತ್ರ, ನಿಂತಿದ್ದೆ, ಬಾಯಿ ತಗೀಲಿಲ್ಲ, ತಗಿಯಬಾರ್ದು ಅಂತಾನ ನಿಂತಿದ್ದೆ. ಆಕಿ ಗೋಡೆ ಮ್ಯಾಲ ಹಚ್ಚಿದ್ದ ಹಾಳಿ ತೋರಿಸಿದ್ಲು, ಫಂಕ್ಷನ್ ನಡೆಯೋ ಟೈಮ್‌ನ್ಯಾಗ ಡ್ಯೂಟಿ ಮ್ಯಾನೇಜರ್ ಮಾತು ಕೊನೇದು ಅಂತ ಬರದು ಮಾಲಕ್ರು ಸಹಿ ಮಾಡಿದ್ದು. "ಇವತ್ತು ಡ್ಯೂಟಿ ನಂದ ಐತಿ ಶೆಫ್. ಅಕ್ಕಿ ತಗೀರಿ." ದನಿ ಏರಿಸಲಿಲ್ಲ, ನಗಲೂ ಇಲ್ಲ, ಕ್ಷಮಾನೂ ಕೇಳಲಿಲ್ಲ. ಒಂದೆರಡು ಸೆಕೆಂಡ್ ಕಿಚನ್ ಗಪ್ ಆತು, ಆಮ್ಯಾಲ ಶೆಫ್ ಹಿಂದ ತಿರುಗಿ ಹುಡುಗ್ರಿಗೆ ಕೂಗಿದ್ರು. ಹತ್ತು ಗಂಟೆಗೆ ಎಲ್ಲಾರ ತಾಟಿಗೂ ಅನ್ನ ಬಿದ್ದಿತ್ತು. ಆಕಿ ಹೌಸ್‌ಕೀಪಿಂಗ್‌ನ್ಯಾಗಿಂದ ಬಂದಾಕಿ, ಎಲ್ಲಾರನ್ನೂ ಕೇಳಿ ಮಾಡ್ತಾಳ ಅಂತ ಹೆಸರಿದ್ದಾಕಿ. ಹುಕುಂ ಮಾಡೋದು ಬರ್ತಿದ್ದಿಲ್ಲ ಅಂತಲ್ಲ, ಬೆನ್ನಿಗೆ ಕಾಗದ ಇದ್ದಿಲ್ಲ.

ಮರುದಿನ ನಾ ಶೆಫ್‌ನ್ನ ಪ್ರತ್ಯೇಕ ಕರದು ಮಾತಾಡಿದೆ. ಬೈಲಿಲ್ಲ. ನಿಮಗ ಏನ್ ಹೆದರಿಕಿ ಇತ್ತು ಅಂತ ಕೇಳಿದೆ. ಅವ್ರು ಖರೇನ ಹೇಳಿದ್ರು, ನಾಳೆ ಸ್ಟಾಕ್ ಕಮ್ಮಿ ಬಿದ್ರ ನನ್ನ ಕುತಿಗಿಗೆ ಬರತೈತಿ, ಸರ್ ಹೇಳಿದ್ರ ಸರ್ ಹೊಣಿ, ಮೇಡಂ ಹೇಳಿದ್ರ ಹೊಣಿ ಯಾರು ಅಂತ ಗೊತ್ತಿಲ್ಲ ಅಂತ. ನೋಡ್ರಿ, ಅವ್ರಿಗೂ ಹೆಣ್ಣು ಅನ್ನೋ ತಾತ್ಸಾರಕ್ಕಿಂತ ಹೊಣಿ ಯಾರ ಮ್ಯಾಲ ಅನ್ನೋ ಪ್ರಶ್ನೆ ದೊಡ್ಡದಿತ್ತು. ಅವತ್ತಿಂದ ಫಂಕ್ಷನ್ ಸ್ಟಾಕ್ ತಗದ್ರ ಡ್ಯೂಟಿ ಮ್ಯಾನೇಜರ್ ಸ್ಟೋರ್ ಚೀಟಿಗೆ ಸಹಿ ಹಾಕ್ತಾರ, ಶೆಫ್ ಹೊಣಿ ಇಲ್ಲ. ಫೋನ್ ಮಾಡ್ರಿ ಅನ್ನೋ ಮಾತು ಆಮ್ಯಾಲ ಆ ಕಿಚನ್‌ನ್ಯಾಗ ಕಡಿಮಿ ಆತು.

ನೈಟ್ ಡ್ಯೂಟಿ ಬಗ್ಗೆ ಹೇಳ್ಲೇಬೇಕು. ರಾತ್ರಿ ಪಾಳಿಯೊಳಗ ಮ್ಯಾಲ ಯಾರೂ ಇರಂಗಿಲ್ಲ, ನೈಟ್ ಆಡಿಟ್ (ಆ ದಿನದ ಲೆಕ್ಕ ಮುಗಸೋದು), ಕುಡದು ಬಂದ ಗೆಸ್ಟ್, ಎರಡು ಗಂಟೆಗೆ ಟ್ರೇನ್ ಇಳದು ಬರೋ ಫ್ಯಾಮಿಲಿ, ಪೊಲೀಸ್ ಚೆಕಿಂಗ್, ಎಲ್ಲಾ ಒಬ್ರ ತಲಿ ಮ್ಯಾಲ, ಅಲ್ಲೇ ಮನಿಷ್ಯಾ ಮ್ಯಾನೇಜರ್ ಆಗೋದು. ಹೆಣ್ಮಕ್ಳಿಗೆ ಆ ಪಾಳಿ ಇಲ್ಲಂದ್ರ ಮುಂದ ಪ್ರಮೋಷನ್ ಟೈಮ್‌ನ್ಯಾಗ "ಅನುಭವ ಸಾಲದು" ಅಂತಾರ. 2021ರ ಜನವರಿಯೊಳಗ ಕರ್ನಾಟಕ ಸರ್ಕಾರ ಹತ್ತು ಮತ್ತ ಹೆಚ್ಚು ಮಂದಿ ಕೆಲಸ ಮಾಡೋ ಅಂಗಡಿ, ವಾಣಿಜ್ಯ ಸಂಸ್ಥೆಗಳು 24 ತಾಸೂ ತಗೀಬಹುದು ಅಂತ ಅಧಿಸೂಚನೆ ಹೊರಡಿಸಿದಾಗ, ಹೆಣ್ಮಕ್ಳು ಬರದು ಒಪ್ಪಿಗಿ ಕೊಟ್ರ ರಾತ್ರಿ 8ರಿಂದ ಮುಂಜಾನೆ 6ರ ತನಕ ಕೆಲಸ ಮಾಡಬಹುದು, ಹೋಗಿ ಬರಾಕ ಗಾಡಿ, ಸುರಕ್ಷತೆ ಮಾಲಕ್ರು ಕೊಡಬೇಕು ಅಂತ ಹೇಳಿತ್ತು. ಅದ ಪ್ರಕಾರ ನಾವು ಮಾಡಿದ್ವಿ. ಬಲವಂತ ಇಲ್ಲ. ಮನಿ ಬಾಗಲಾ ತನಕ ಗಾಡಿ, ಡ್ರೈವರ್ ನಮ್ಮವನ, ಲಾಬಿಯೊಳಗ ಒಬ್ಬಾಕಿ ಇದ್ರ ಇನ್ನೊಬ್ಬ ಹೆಣ್ಮಗಳು ಸ್ಟಾಫ್ ಇರ್ಲೇಬೇಕು. ಲೈಂಗಿಕ ಕಿರುಕುಳ ತಡಿಯೋ 2013ರ ಕಾಯ್ದೆ ಪ್ರಕಾರ ಹತ್ತು ಮತ್ತ ಹೆಚ್ಚು ಮಂದಿ ಇದ್ದಲ್ಲಿ ದೂರು ಕೇಳೋ ಒಳಗಿನ ಸಮಿತಿ ಇರಬೇಕು, ನಮ್ಮಲ್ಲಿ ಐತಿ, ಸದಸ್ಯರ ಫೋನ್ ನಂಬರ್ ಸ್ಟಾಫ್ ಊಟದ ಕೋಣ್ಯಾಗ ದೊಡ್ಡದಾಗಿ ಹಚ್ಚೀವಿ. ಒಬ್ಬಾಕಿ ಅತ್ತಿ ಒಪ್ಪಲಿಲ್ಲ, ನಾ ಅವ್ರ ಮನಿಗೆ ಹೋಗಿ ಕುಂತು ಎಲ್ಲಾ ಹೇಳಿ, ಅವ್ರನ್ನ ಒಂದು ರಾತ್ರಿ ಹೋಟೆಲ್‌ಗೆ ಕರಕೊಂಡು ಬಂದು ಲಾಬಿ, ಕ್ಯಾಮೆರಾ, ಸೆಕ್ಯುರಿಟಿ ತೋರಿಸಿದೆ. ಒಪ್ಪಿದ್ರು. ಇನ್ನೊಬ್ಬಾಕಿ ಸ್ವಂತ ಬ್ಯಾಡ ಅಂದ್ಲು, ಸಣ್ಣ ಕೂಸೈತಿ, ಆಕಿಗೆ ಸಂಜಿ ಬ್ಯಾಂಕ್ವೆಟ್ ಪಾಳಿ ಕೊಟ್ಟು ಅದನ್ನೂ ಅಷ್ಟ ತೂಕದ ಅನುಭವ ಅಂತ ಹಿಡದ್ವಿ.

ಅಪ್ರೈಸಲ್ ಫಾರ್ಮ್ (ಸ್ಟಾಫ್ ಕೆಲಸ ಹೆಂಗೈತಿ ಅಂತ ಬರಿಯೋ ಫಾರ್ಮ್) ಬದಲ್ಸಿದ್ದು ಎಲ್ಲಕ್ಕಿಂತ ಸಣ್ಣ ಕೆಲಸ, ಉಪಯೋಗ ಭಾಳ ಆತು. ಹಳೇ ಫಾರ್ಮ್‌ಗಳನ್ನ ತಗದು ಓದಿದ್ರ ಹೆಣ್ಮಕ್ಳ ಬಗ್ಗೆ "ಹೊಂದಿಕೊಂಡು ಹೋಗ್ತಾರೆ, ಸೌಮ್ಯ ಸ್ವಭಾವ, ಗೆಸ್ಟ್ ಜೊತೆ ನಗುನಗುತ ಇರ್ತಾರೆ", ಗಂಡಸ್ರ ಬಗ್ಗೆ "ಕೆಲಸ ತಗೀತಾರೆ, ಟಾರ್ಗೆಟ್ ಮುಟ್ಟಿಸ್ತಾರೆ" ಅಂತ ಪುಟಗಟ್ಟಲೆ. ಸ್ವಭಾವದ ಕಾಲಮ್‌ನ್ನ ತಗದುಬಿಟ್ವಿ. ಈಗ ಇರೋದು ಕೇಳೋ ಪ್ರಶ್ನೆ: ಈ ಆರು ತಿಂಗಳಾಗ ತಾವ ತಗೊಂಡ ಒಂದು ಕಠಿಣ ನಿರ್ಧಾರ ಯಾವ್ದು, ಅದರಿಂದ ಏನಾತು, ಕೈಕೆಳಗಿನ ಯಾರನ್ನ ಮುಂದಿನ ಕೆಲಸಕ್ಕ ತಯಾರು ಮಾಡೀರಿ, ಯಾರ ಸಲಹಿ ಕೇಳಿ ಏನು ಬದಲ್ಸೀರಿ. ಮೊದಲ್ನೇ ಪ್ರಶ್ನೆಗೆ ಹೆಣ್ಮಕ್ಳು ಬರಿಯೋದೈತಿ, ಮೂರನೇದಕ್ಕ ಗಂಡಸ್ರು ಬರಿಯೋದೈತಿ, ಇಬ್ರಿಗೂ ಮೊದ್ಲು ತ್ರಾಸಾತು.

ಎಲ್ಲಾ ಸರಿ ಹೋತು ಅನ್ನಾಕ ಬರಂಗಿಲ್ಲ. ಫ್ರಂಟ್ ಆಫೀಸ್‌ನ್ಯಾಗ ಕೋಟ್ ಹಾಕ್ಕೊಂಡು ನಿಂತ ಹೆಣ್ಮಗಳಿಗೆ "ಮ್ಯಾನೇಜರ್‌ನ್ನ ಕರೀರಿ" ಅನ್ನೋ ಗೆಸ್ಟ್ ಇನ್ನೂ ದಿನಾ ಬರ್ತಾರ, ನಾನ ಮ್ಯಾನೇಜರ್ ಅಂದ್ರ "ಅಲ್ರಿ, ಮ್ಯಾನೇಜರ್" ಅಂತಾರ. ಇದಕ್ಕ ನಮ್ಮಲ್ಲಿ ಒಂದ ನಿಯಮ, ಬಾಜೂಕ ಇರೋ ಗಂಡ್ ಸ್ಟಾಫ್ ಯಾರೂ ಮುಂದ ಬರಬಾರ್ದು, ಅವ್ರನ್ನ ಕೇಳಿದ್ರ "ಇವ್ರೇ ಮ್ಯಾನೇಜರ್ರಿ" ಅಂತ ಹೇಳಿ ತಮ್ಮ ಕೆಲಸ ನೋಡ್ಬೇಕು. ಮೊದ್ಲು ಹುಡುಗ್ರಿಗೆ ಸಹಾಯ ಮಾಡೋ ಹುರುಪು ಇರ್ತಿತ್ತು, ಆ ಸಹಾಯಾನ ಆಕಿ ಅಧಿಕಾರ ತಿನ್ನತೈತಿ ಅನ್ನೋದು ತಿಳಿಯಾಕ ಟೈಮ್ ಹಿಡೀತು. ಗಂಡಸ್ರಿಗೂ ಅವ್ರದ ಆದ ಕಟ್ಟು ಅದಾವು, ನಮ್ಮ ಒಬ್ಬ ಡ್ಯೂಟಿ ಮ್ಯಾನೇಜರ್ ಮಗಳಿಗೆ ಆರಾಮಿಲ್ಲದಾಗ ಸೂಟಿ ಕೇಳಾಕ ನಾಚಿಕೊಂಡು ಹೊಟ್ಟಿನೋವು ಅಂತ ಹೇಳಿದ್ದ, ಮಗಳ ಸಲುವಾಗಿ ಅಂದ್ರ ಮಂದಿ ಏನಂತಾರ ಅಂತ. ಅವಂಗೂ ಯಾರೂ ಮಗಳ ಹೆಸರಿಲೆ ಸೂಟಿ ಕೊಡ್ತೀವಿ ಅಂತ ಹೇಳಿದ್ದಿಲ್ಲ. ಈಗ ರೋಸ್ಟರ್ ಹಾಕೋ ಮುಂದ ಮಕ್ಕಳ ಪರೀಕ್ಷಾ, ದವಾಖಾನಿ, ಇಂಥಾ ದಿನ ಮೊದ್ಲ ಹೇಳ್ರಿ ಅಂತ ಎಲ್ಲಾರಿಗೂ ಕೇಳ್ತೀನಿ, ಗಂಡಸ್ರಿಗೆ ಮೊದ್ಲು ಕೇಳ್ತೀನಿ.

ಬ್ಯಾಂಕ್ವೆಟ್ ಮ್ಯಾನೇಜರ್ ಖುರ್ಚಿ ಮುಂದಿನ ಸೀಸನ್‌ಗೆ ಖಾಲಿ ಆಗ್ತೈತಿ. ಆ ಹುಗ್ಗಿ ತಳಾ ಕಂಡ ರಾತ್ರಿ ಅಕ್ಕಿ ತಗಿಸಿದಾಕಿನೂ ಅರ್ಜಿ ಹಾಕ್ಯಾಳ, ಲಿನನ್ ರೂಮ್‌ನ್ಯಾಗ ಬರಕೋತ ಕುಂತಿದ್ದ ಹುಡುಗನೂ ಹಾಕ್ಯಾನ. ಇಬ್ರದೂ ಲಾಗ್ ಬುಕ್, ಸ್ಟೋರ್ ಚೀಟಿ, ಫಂಕ್ಷನ್ ಆದ ಮ್ಯಾಲ ಪಾರ್ಟಿಯವ್ರು ಬರದ ಕಾಗದ ಎಲ್ಲಾ ಹೆಸರು ಮುಚ್ಚಿ ಮಾಲಕ್ರ ಟೇಬಲ್ ಮ್ಯಾಲ ಇಟ್ಟು ಬಂದೀನಿ, ಓದಿ ಮಾರ್ಕ್ಸ್ ಹಾಕಿದ ಮ್ಯಾಲ ಹೆಸರು ತಗೀತೀನಿ ಅಂತ ಹೇಳೀನಿ.